ಬ್ಯಾಟ್‌ಮ್ಯಾನ್ ಕಾಮಿಕ್ಸ್: ಎಲ್ಲಿಂದ ಓದಲು ಶುರು ಮಾಡಬೇಕು?

ಸಿನಿಮಾ ನೋಡಿ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: 'ಬ್ಯಾಟ್‌ಮ್ಯಾನ್ ಕಾಮಿಕ್ಸ್ ಓದಬೇಕು, ಒಂದನೇ ನಂಬರಿನಿಂದ ಶುರು ಮಾಡಲಾ?'

ಬೇಡ. ಮೊದಲನೆಯದಾಗಿ, ಬ್ಯಾಟ್‌ಮ್ಯಾನ್ ಹುಟ್ಟಿದ್ದೇ ಒಂದನೇ ನಂಬರಿನಲ್ಲಿ ಅಲ್ಲ. 1939ರಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್' ಎಂಬ ಮಾಸಿಕದ 27ನೇ ಸಂಚಿಕೆಯಲ್ಲಿ, ಆರು ಪುಟದ ಒಂದು ಕಥೆಯಲ್ಲಿ ಅವನು ಬಂದ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೇರಿ ಮಾಡಿದ ಪಾತ್ರ. ಆ ಕಥೆಯಲ್ಲಿ ಖಳ ಆಸಿಡ್ ತೊಟ್ಟಿಗೆ ಬಿದ್ದು ಸಾಯುತ್ತಾನೆ, ನಮ್ಮ ನಾಯಕನಿಗೆ ಚೂರೂ ಬೇಜಾರಿಲ್ಲ. ಯಾರನ್ನೂ ಕೊಲ್ಲದ, ಅಪ್ಪ-ಅಮ್ಮನ ನೆನಪಲ್ಲಿ ನರಳುವ ಬ್ಯಾಟ್‌ಮ್ಯಾನ್ ಅಲ್ಲಿ ಸಿಗುವುದಿಲ್ಲ. ಅಪ್ಪ-ಅಮ್ಮನ ಕೊಲೆಯ ಕಥೆ ಬಂದದ್ದೇ 33ನೇ ಸಂಚಿಕೆಯಲ್ಲಿ.

ಎರಡನೆಯದಾಗಿ, ಆವತ್ತಿನಿಂದ ಇವತ್ತಿನವರೆಗೆ ಕಥೆ ನಿಂತೇ ಇಲ್ಲ. ಎಲ್ಲವನ್ನೂ ಓದಿ ಮುಗಿಸಬೇಕು ಎಂಬ ಹಟ ಬಿಟ್ಟುಬಿಡಿ. ಯಕ್ಷಗಾನಕ್ಕೆ ಹೋಗುವವರು ಆದಿಪರ್ವದಿಂದ ಮಹಾಭಾರತ ಓದಿಕೊಂಡು ಹೋಗುತ್ತಾರಾ? ಇವತ್ತು ಯಾವ ಪ್ರಸಂಗ ಅಂತ ಕೇಳುತ್ತಾರೆ, ಹೋಗಿ ಕೂರುತ್ತಾರೆ. ಇಲ್ಲೂ ಅಷ್ಟೇ, ಒಂದು ಒಳ್ಳೆ ಪ್ರಸಂಗ ಹುಡುಕಬೇಕು.

ಮೊದಲು: ನಂಬರನ್ನು ನಂಬಬೇಡಿ

'ಬ್ಯಾಟ್‌ಮ್ಯಾನ್' ಎಂಬ ಹೆಸರಿನ ಮಾಸಿಕಕ್ಕೇ ನಾಲ್ಕು ಒಂದನೇ ಸಂಚಿಕೆಗಳಿವೆ. 1940ರದ್ದು ಒಂದು, 2011ರದ್ದು ಒಂದು, 2016ರದ್ದು ಇನ್ನೊಂದು, 2025ರದ್ದು ಮತ್ತೊಂದು. ಹೊಸ ಓದುಗರನ್ನು ಸೆಳೆಯಲು ಡಿಸಿ ಪ್ರಕಾಶನ ಆಗಾಗ ಎಣಿಕೆಯನ್ನು ಮೊದಲಿನಿಂದ ಶುರು ಮಾಡುತ್ತದೆ. 'ಡಿಟೆಕ್ಟಿವ್ ಕಾಮಿಕ್ಸ್' ಕಥೆ ಇನ್ನೂ ಮಜಾ. 2011ರಲ್ಲಿ 881ಕ್ಕೆ ನಿಂತು ಮತ್ತೆ 1ರಿಂದ ಎಣಿಸಿತು. 52 ಆದಮೇಲೆ, 2016ರಲ್ಲಿ, ಹಳೆಯ ಲೆಕ್ಕಕ್ಕೆ ಮರಳಿ ನೇರ 934 ಅಂತ ಬಂತು! ಅಂಗಡಿಯಲ್ಲಿ ಬಿಡಿ ಸಂಚಿಕೆ ಹಿಡಿದು 'ಇದು ಎಷ್ಟನೆಯದು' ಅಂತ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಬಿಡಿ ಸಂಚಿಕೆಯಲ್ಲಿ ಇಪ್ಪತ್ತು ಪುಟ ಚಿಲ್ಲರೆ ಕಥೆ ಇರುತ್ತದೆ, ಅದೂ ಅರ್ಧಕ್ಕೆ ನಿಲ್ಲುತ್ತದೆ. ಹೊಸಬರಿಗೆ ಸರಿಹೋಗುವುದು ಸಂಕಲನ. ಐದಾರು ಸಂಚಿಕೆ ಸೇರಿಸಿ ಪುಸ್ತಕ ಮಾಡಿರುತ್ತಾರಲ್ಲ, ಅದು.

ಆಮೇಲೆ: ಬರಹಗಾರರ ಹೆಸರು ನೋಡಿ

ನನ್ನ ಪ್ರಕಾರ ಇಡೀ ವಿಷಯದ ಕೀಲಿಕೈ ಇದೇ. ಹೊಸ ಬರಹಗಾರರು ಪತ್ರಿಕೆ ವಹಿಸಿಕೊಂಡಾಗ ಹಳೆಯ ಎಳೆಗಳನ್ನು ಒಂದಷ್ಟು ಕತ್ತರಿಸಿ ತಮ್ಮದೇ ಕಥೆ ಶುರು ಮಾಡುತ್ತಾರೆ. ಬಾಗಿಲು ತೆರೆಯುವುದು ಅಲ್ಲಿ. ಹಾಗಾಗಿ ಪಾತ್ರದ ಹೆಸರಿಗಿಂತ ಬರೆದವರ ಹೆಸರು ಹಿಡಿದು ಹೋಗುವುದು ಸುಲಭ. ಇಂಥ ಬಾಗಿಲುಗಳಲ್ಲಿ ನಾನು ಮೊದಲು ತೋರಿಸುವುದು ಎರಡನ್ನು.

ಒಂದು, 'ಇಯರ್ ಒನ್'. 1985–86ರಲ್ಲಿ ಡಿಸಿ ತನ್ನ ಹಳೆಯ ಲೋಕಗಳನ್ನೆಲ್ಲ ಒಂದು ದೊಡ್ಡ ಕಥೆಯಲ್ಲಿ ಒರೆಸಿ ಹೊಸದಾಗಿ ಜೋಡಿಸಿತು. ಆಗ ಬ್ಯಾಟ್‌ಮ್ಯಾನ್‌ನ ಮೊದಲ ವರ್ಷವನ್ನು ಮತ್ತೆ ಹೇಳುವ ಕೆಲಸ ಫ್ರಾಂಕ್ ಮಿಲ್ಲರ್‌ಗೆ ಸಿಕ್ಕಿತು, ಚಿತ್ರ ಡೇವಿಡ್ ಮ್ಯಾಜುಚೆಲ್ಲಿಯದು. 1987ರಲ್ಲಿ 'ಬ್ಯಾಟ್‌ಮ್ಯಾನ್' ಮಾಸಿಕದ 404ರಿಂದ 407ರವರೆಗೆ, ನಾಲ್ಕೇ ಸಂಚಿಕೆ. ಒಂದು ಸಂಜೆಗೆ ಮುಗಿಯುತ್ತದೆ.

ಇದರ ಮೊದಲ ಪುಟಗಳನ್ನು ಸುಮ್ನೆ ತಿರುವಿ ಹಾಕಬೇಡಿ. ಜನವರಿ 4. ಪೊಲೀಸ್ ಅಧಿಕಾರಿ ಜಿಮ್ ಗಾರ್ಡನ್ ರೈಲಿನಲ್ಲಿ ಗಾಥಮ್ ನಗರಕ್ಕೆ ಬರುತ್ತಿದ್ದಾನೆ. ವಿಮಾನದಲ್ಲಿ ಬಂದಿದ್ದರೆ ಮೇಲಿಂದ ಬರೀ ಬೀದಿ, ಕಟ್ಟಡ ಕಾಣುತ್ತಿತ್ತು, ಇದೂ ಒಂದು ನಾಗರಿಕ ಊರು ಅಂತ ನಂಬಬಹುದಿತ್ತು ಅಂದುಕೊಳ್ಳುತ್ತಾನೆ. ಅದೇ ದಿನ, ಮುಂದೆ ಬ್ಯಾಟ್‌ಮ್ಯಾನ್ ಆಗಲಿರುವ ಬ್ರೂಸ್ ವೇನ್ ವಿಮಾನದಲ್ಲಿ ಬರುತ್ತಿದ್ದಾನೆ. ಕೆಳಗೆ ಹಿಮ ಬಿದ್ದ ಮಾಳಿಗೆಗಳು. ಇಲ್ಲಿಂದ ಶತ್ರು ಕಾಣುವುದಿಲ್ಲ, ರೈಲಿನಲ್ಲಿ ಬರಬೇಕಿತ್ತು ಅನ್ನುವುದು ಅವನ ಯೋಚನೆ. ಇಬ್ಬರೂ ಹೇಗೆ ಅಂತ ಇಷ್ಟರಲ್ಲೇ ತಿಳಿಯಿತಲ್ವಾ? ಇದಕ್ಕೆ ಹಿಂದಿನ ಐವತ್ತು ವರ್ಷದ ಕಥೆ ಗೊತ್ತಿರಬೇಕಿಲ್ಲ. ನಿಜ ಹೇಳಬೇಕೆಂದರೆ ಇದರಲ್ಲಿ ಗಾರ್ಡನ್‌ನ ಪಾಡೇ ಜಾಸ್ತಿ ಹಿಡಿಸುತ್ತದೆ. ಲಂಚಕೋರ ಸಹೋದ್ಯೋಗಿಗಳ ನಡುವೆ ಸಿಕ್ಕಿಬಿದ್ದ, ತಾನೂ ಪೂರ್ತಿ ಒಳ್ಳೆಯವನಲ್ಲದ ಮನುಷ್ಯ.

ಒಂದು ಎಚ್ಚರಿಕೆ: ಬ್ರೂಸ್‌ನ ಮನಸ್ಸಿನ ಮಾತೆಲ್ಲ ಕೂಡಿಸಿ ಬರೆದ ಇಂಗ್ಲಿಷ್ ಕೈಬರಹದಲ್ಲಿದೆ. ಫೋನಿನಲ್ಲಿ ಓದಿದರೆ ಕಣ್ಣಿಗೆ ಹಿಂಸೆ. ಪುಸ್ತಕವೇ ವಾಸಿ, ಇಲ್ಲವಾದರೆ ಟ್ಯಾಬ್.

ಎರಡು, 'ದಿ ಕೋರ್ಟ್ ಆಫ್ ಔಲ್ಸ್'. 'ಬ್ಯಾಟ್‌ಮ್ಯಾನ್' ಮಾಸಿಕದ 2011ರ ಹೊಸ ಎಣಿಕೆಯ ಮೊದಲ ಕಥೆ. ಬರಹ ಸ್ಕಾಟ್ ಸ್ನೈಡರ್, ಚಿತ್ರ ಗ್ರೆಗ್ ಕಪುಲ್ಲೊ. ಗಾಥಮ್ ತನ್ನ ಅಂಗೈಯಲ್ಲಿದೆ ಅಂದುಕೊಂಡ ಬ್ಯಾಟ್‌ಮ್ಯಾನ್‌ಗೆ, ಗೂಬೆ ಮುಖವಾಡದ ಒಂದು ಗುಪ್ತಕೂಟ ತಲೆತಲಾಂತರದಿಂದ ಊರನ್ನು ಆಳುತ್ತಿದೆ ಎಂಬ ಸುಳಿವು ಸಿಗುತ್ತದೆ. ಮೊದಲ ಸಂಚಿಕೆಯಲ್ಲೇ ಒಂದು ಜಾಣ ಉಪಾಯವಿದೆ. ಬ್ರೂಸ್ ಮುಖ ಗುರುತಿಸುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಪಾರ್ಟಿಗೆ ಹೋಗುತ್ತಾನೆ. ಎದುರಿಗೆ ಬಂದವರ ಹೆಸರು, ಪರಿಚಯ ಪಕ್ಕದ ಚೌಕದಲ್ಲಿ ಮೂಡುತ್ತದೆ. ಲೆನ್ಸ್ ಇರುವುದು ಬ್ರೂಸ್‌ನ ಕಣ್ಣಲ್ಲಿ, ಪರಿಚಯ ಆಗುವುದು ಹೊಸ ಓದುಗರಿಗೆ!

ಐದನೇ ಸಂಚಿಕೆಯಲ್ಲಿ ಅವನು ಒಂದು ಚಕ್ರವ್ಯೂಹದಲ್ಲಿ ಸಿಕ್ಕಿಕೊಳ್ಳುತ್ತಾನೆ. ಅವನ ತಲೆ ತಿರುಗುತ್ತಿದ್ದಂತೆ ಪುಟವೂ ಅಡ್ಡಡ್ಡ ತಿರುಗುತ್ತದೆ, ಆಮೇಲೆ ತಲೆಕೆಳಗಾಗುತ್ತದೆ. ಪುಸ್ತಕವನ್ನು ಕೈಯಲ್ಲಿ ತಿರುಗಿಸಿಕೊಂಡು ಓದಬೇಕು. ಮುದ್ರಣದ ತಪ್ಪು ಅಂದುಕೊಂಡು ಅಂಗಡಿಗೆ ವಾಪಸ್ ಕೊಡಲು ಹೋಗಬೇಡಿ.

ಒಳಗಿನ ಪುಟದಲ್ಲಿ ಏನು ನೋಡಬೇಕು

ಸಂಕಲನದ ಹಿಂಬದಿಯಲ್ಲಿ ಅಥವಾ ಹಕ್ಕುಸ್ವಾಮ್ಯದ ಪುಟದಲ್ಲಿ ಯಾವ ಯಾವ ಸಂಚಿಕೆ ಸೇರಿವೆ ಅಂತ ಬರೆದಿರುತ್ತದೆ. ಕೊಳ್ಳುವ ಮೊದಲು ಇದನ್ನು ಓದಿ. ಒಂದೇ ಪತ್ರಿಕೆಯ ನಂಬರುಗಳು ಸಾಲಾಗಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ನಾಲ್ಕೈದು ಪತ್ರಿಕೆಗಳ ಹೆಸರು, ಒಂದೊಂದರಿಂದ ಒಂದೆರಡು ಸಂಚಿಕೆ ಅಂತಿದ್ದರೆ ಸದ್ಯಕ್ಕೆ ಬಿಡಿ. ಅದು ಹಲವು ಪತ್ರಿಕೆಗಳಿಗೆ ಹಬ್ಬಿದ ಮಹಾಕಥೆ. ಬೇನ್ ಎಂಬ ಖಳ ಬ್ಯಾಟ್‌ಮ್ಯಾನ್‌ನ ಬೆನ್ನು ಮುರಿಯುವ 1993ರ 'ನೈಟ್‌ಫಾಲ್' ಇಂಥದ್ದು. ಭಾರೀ ಹೆಸರು ಮಾಡಿದ ಕಥೆ, ಆದರೆ ಮೊದಲ ಓದಿಗೆ ಅಲ್ಲ.

ಹಾಗೆಯೇ 'ಅತ್ಯುತ್ತಮ ಹತ್ತು' ಪಟ್ಟಿಗಳಲ್ಲಿ ಮೇಲೆ ನಿಲ್ಲುವ ಎರಡನ್ನು ನಾನು ಮೊದಲು ಕೊಡುವುದಿಲ್ಲ. 1986ರ 'ದಿ ಡಾರ್ಕ್ ನೈಟ್ ರಿಟರ್ನ್ಸ್' 55 ವರ್ಷದ, ನಿವೃತ್ತನಾಗಿ ಹತ್ತು ವರ್ಷ ಕಳೆದ ಬ್ಯಾಟ್‌ಮ್ಯಾನ್‌ನ ಕಥೆ. ಯೌವನವನ್ನೇ ನೋಡದೆ ಮುಪ್ಪು ನೋಡಿದರೆ ಏನು ರುಚಿ? 1988ರ 'ದಿ ಕಿಲ್ಲಿಂಗ್ ಜೋಕ್' ಚಿಕ್ಕದು, ಚಿತ್ರ ಅದ್ಭುತ. ಆದರೆ ಜಿಮ್ ಗಾರ್ಡನ್‌ನ ಮಗಳು ಬಾರ್ಬರಾಗೆ ಅದರಲ್ಲಿ ಆಗುವ ಗತಿಯ ತೂಕ ತಿಳಿಯಲು ಅವಳು ಮೊದಲೇ ಪರಿಚಯವಿರಬೇಕು.

ಗೊತ್ತಿಲ್ಲದ ಹೆಸರು ಬಂದಾಗ

ಬರುತ್ತದೆ. ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ ರಾಬಿನ್ ಅಂದರೆ ಒಬ್ಬನೇ ಅಲ್ಲ ಅಂತ ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆ. 1940ರಲ್ಲಿ ಬಂದ ಡಿಕ್ ಗ್ರೇಸನ್ ಬೆಳೆದು ನೈಟ್‌ವಿಂಗ್ ಎಂಬ ಬೇರೆಯೇ ನಾಯಕನಾದ. ಅವನ ಜಾಗಕ್ಕೆ ಜೇಸನ್ ಟಾಡ್ ಬಂದ. ಈ ಜೇಸನ್ ಉಳಿಯಬೇಕೋ ಬೇಡವೋ ಅಂತ 1988ರಲ್ಲಿ ಡಿಸಿ ಓದುಗರಿಂದಲೇ ಫೋನಿನಲ್ಲಿ ಮತ ಹಾಕಿಸಿತು. ಸಾಯಲಿ ಅಂದವರ ಮತ 5,343, ಉಳಿಯಲಿ ಅಂದವರದ್ದು 5,271. ಬರೀ 72 ಮತದಲ್ಲಿ ಹುಡುಗ ಸತ್ತ. ಆಮೇಲೆ ಟಿಮ್ ಡ್ರೇಕ್, ಅವನ ನಂತರದ ವರ್ಷಗಳಲ್ಲಿ ಬ್ರೂಸ್‌ನ ಸ್ವಂತ ಮಗ ಡೇಮಿಯನ್. ಇಷ್ಟು ಸಾಕು. ಉಳಿದ ಹೆಸರುಗಳನ್ನು ಹಾಗೇ ದಾಟಿಕೊಂಡು ಹೋಗಿ. ಪುಟಪುಟಕ್ಕೂ ನಿಲ್ಲಿಸಿ ಫೋನಿನಲ್ಲಿ ಹುಡುಕಿದರೆ ಮುಂದಿನ ತಿರುವೆಲ್ಲ ಅಲ್ಲೇ ಗೊತ್ತಾಗಿಬಿಡುತ್ತದೆ.

ಅಲ್ಲಿಂದ ಮುಂದೆ

'ಇಯರ್ ಒನ್' ಹಿಡಿಸಿದರೆ ನೇರ 'ದಿ ಲಾಂಗ್ ಹ್ಯಾಲೋವೀನ್'ಗೆ ಹೋಗಿ. ಜೆಫ್ ಲೋಬ್ ಮತ್ತು ಟಿಮ್ ಸೇಲ್ ಅವರದ್ದು, 1996–97ರಲ್ಲಿ 13 ಸಂಚಿಕೆ ಬಂತು. ಅದೇ ಗಾರ್ಡನ್, ಅದೇ ಫಾಲ್ಕೋನಿ ಮಾಫಿಯಾ, ಜೊತೆಗೆ ವಕೀಲ ಹಾರ್ವಿ ಡೆಂಟ್. ಹಬ್ಬಕ್ಕೊಂದು ಕೊಲೆ. ಕೊಲೆಯಾದ ಜಾಗದಲ್ಲಿ ಒಂದು ಪಿಸ್ತೂಲು, ಅದರ ಬಾಯಿಗೆ ಸದ್ದು ಅಡಗಿಸಲು ಮಗುವಿನ ಹಾಲಿನ ಬಾಟಲಿಯ ನಿಪ್ಪಲ್, ಪಕ್ಕದಲ್ಲಿ ಆ ಹಬ್ಬದ ಒಂದು ವಸ್ತು. ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಇದು ಕೈಬಿಡುವುದಿಲ್ಲ. 'ಕೋರ್ಟ್ ಆಫ್ ಔಲ್ಸ್' ಹಿಡಿಸಿದವರು ಸ್ನೈಡರ್ ಜೊತೆಗೇ ಮುಂದುವರಿಯಲಿ. ಆ ಕಥೆ ಮುಗಿಯುವುದೇ ಎರಡನೇ ಸಂಪುಟದಲ್ಲಿ.

ಹಳೆಯ ಭಾರವೇ ಬೇಡ ಅನ್ನುವವರಿಗೆ 2024ರ ಅಕ್ಟೋಬರ್‌ನಲ್ಲಿ ಶುರುವಾದ 'ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ಇದೆ. ಇದೂ ಸ್ನೈಡರ್ ಬರೆದದ್ದೇ, ಚಿತ್ರ ನಿಕ್ ಡ್ರಾಗೊಟ್ಟ. ಇಲ್ಲಿ ಬ್ರೂಸ್ ಶ್ರೀಮಂತನಲ್ಲ, ಬಂಗಲೆಯಿಲ್ಲ, ಅಮ್ಮ ಬದುಕಿದ್ದಾಳೆ. ಎದೆಯ ಮೇಲಿನ ಬಾವಲಿ ಗುರುತನ್ನು ಕಿತ್ತರೆ ಅದೇ ಕೊಡಲಿ! ಪೂರ್ತಿ ಬೇರೆ ಲೋಕ, ಆದ್ದರಿಂದ ಹಿಂದಿನದ್ದು ಏನೂ ಬೇಕಿಲ್ಲ. ರಕ್ತ ಸ್ವಲ್ಪ ಜಾಸ್ತಿ.

ಮಕ್ಕಳ ಕೈಗೆ ಮೇಲಿನ ಯಾವುದನ್ನೂ ಕೊಡಬೇಡಿ. ಅವರಿಗೆ 1992ರಲ್ಲಿ ಶುರುವಾದ 'ದಿ ಬ್ಯಾಟ್‌ಮ್ಯಾನ್ ಅಡ್ವೆಂಚರ್ಸ್' ಇದೆ. ಟಿವಿಯ ಕಾರ್ಟೂನ್ ಸರಣಿಯ ಚಿತ್ರಶೈಲಿ, ಹೆಚ್ಚಿನವು ಚಿಕ್ಕ ಕಥೆಗಳು. ಫೋನಿನಲ್ಲೇ ಓದುವುದಾದರೆ ವೆಬ್‌ಟೂನ್ ಎಂಬ ಕಾಮಿಕ್ಸ್ ಆ್ಯಪ್‌ನಲ್ಲಿ 2021ರಲ್ಲಿ ಆರಂಭವಾದ 'ವೇನ್ ಫ್ಯಾಮಿಲಿ ಅಡ್ವೆಂಚರ್ಸ್' ನೋಡಿ. ಎಲ್ಲ ರಾಬಿನ್‌ಗಳೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡಿರುತ್ತಾರೆ.

ದುಡ್ಡಿನ ಮಾತು: ಡಿಸಿ 2024ರಿಂದ 'ಕಾಂಪ್ಯಾಕ್ಟ್ ಕಾಮಿಕ್ಸ್' ಎಂಬ ಚಿಕ್ಕ ಅಳತೆಯ, ಕಡಿಮೆ ಬೆಲೆಯ ಪುಸ್ತಕಗಳನ್ನು ತರುತ್ತಿದೆ, ಅಮೆರಿಕದಲ್ಲಿ ಬೆಲೆ 9.99 ಡಾಲರ್. 'ಕೋರ್ಟ್ ಆಫ್ ಔಲ್ಸ್' ಅದರಲ್ಲಿದೆ. ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಮೊದಲು ಕೇಳಿ ನೋಡಬಹುದು. ಅಲ್ಲಿ ಸಂಪುಟ ಮೂರು ಮಾತ್ರ ಅಗ್ಗಕ್ಕೆ ಸಿಕ್ಕಿತು ಅಂತ ಆಸೆಪಟ್ಟು ತರಬೇಡಿ, ಒಂದು ಮತ್ತು ಎರಡು ಸಿಗುವವರೆಗೆ ಅದು ಕಪಾಟಿನಲ್ಲೇ ಇರುತ್ತದೆ.