ಕೊಡಗಿನಿಂದ ಇಂಗ್ಲಿಷ್ ಪ್ರಾಧ್ಯಾಪಕರಾಗಲು ಹೊರಟವರಿಗೆ

ಎಂ.ಎ. ಇಂಗ್ಲಿಷ್‌ನಲ್ಲಿ ಶೇ 55 ಅಂಕ ಬೇಕು, ಮೀಸಲಾತಿ ಇರುವವರಿಗೆ ಶೇ 50. ಆಮೇಲೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ). ಕೆ-ಸೆಟ್ ಕರ್ನಾಟಕದೊಳಗಿನ ಹುದ್ದೆಗೆ ಮಾತ್ರ ಮಾನ್ಯ, ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಗುವುದು ನೆಟ್‌ನಿಂದ. ಊರು ಬಿಡುವ ಮನಸ್ಸಿಲ್ಲದವರೂ ಎರಡನ್ನೂ ಬರೆಯುವುದು ಒಳ್ಳೆಯದು.

ಎರಡು ಪತ್ರಿಕೆ ಸೇರಿ ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಮೊದಲ ಪತ್ರಿಕೆಯ 50 ಪ್ರಶ್ನೆಗಳು ಬೋಧನೆ, ತರ್ಕ, ಅಂಕಿಅಂಶಗಳಿಗೆ ಸೇರಿದವು. ಸಾಹಿತ್ಯದವರು ಮುಗ್ಗರಿಸುವುದು ಇಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಎರಡನೆಯದು ಇಂಗ್ಲಿಷ್ ಸಾಹಿತ್ಯದ ಪತ್ರಿಕೆ, ಅದರಲ್ಲಿ ಕಾಲಾನುಕ್ರಮದ ಪ್ರಶ್ನೆಗಳು ಕಾಡುತ್ತವೆ. ಬರೀ ಇಸವಿ ಉರುಹೊಡೆದರೆ ವಾರದಲ್ಲಿ ಮರೆತುಹೋಗುತ್ತದೆ, ಕಾರಣದ ಜೊತೆ ಓದಿ. 1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಶುರುವಾದಾಗ ಸಂಸತ್ತು ಲಂಡನ್ನಿನ ನಾಟಕಶಾಲೆಗಳನ್ನು ಮುಚ್ಚಿಸಿತು. 1660ರಲ್ಲಿ ದೊರೆ ಎರಡನೇ ಚಾರ್ಲ್ಸ್ ಮರಳಿದ ಮೇಲೆ ಅವು ತೆರೆದವು, ಸ್ತ್ರೀಪಾತ್ರಕ್ಕೆ ಹೆಂಗಸರೇ ರಂಗಕ್ಕೆ ಬಂದರು. ಇಷ್ಟು ತಲೆಯಲ್ಲಿದ್ದರೆ ನಟಿಯ ಹೆಸರು ಬಂದ ನಾಟಕ ಯಾವ ಕಾಲದ್ದೆಂದು ತಾನಾಗಿ ಹೊಳೆಯುತ್ತದೆ. ಗೈಡು ಕೊನೆಯ ತಿಂಗಳಿಗಿರಲಿ, ಮೊದಲು ಮೂಲಕೃತಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ, ಹಳೆಯ ಕೃತಿಗಳನ್ನು ಉಚಿತ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಮೇ ತಿಂಗಳಲ್ಲೇ ಇಳಿಸಿಕೊಳ್ಳಿ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಸೇರಿದರೆ ಪ್ರತಿ ವರ್ಷದ ಆದೇಶ ಪತ್ರ, ಅನುಭವ ಪ್ರಮಾಣಪತ್ರ ಆಯಾ ವರ್ಷವೇ ಪಡೆದಿಡಿ. ಪ್ರಾಂಶುಪಾಲರು ಬದಲಾದ ಮೇಲೆ ಅಲೆಯಬೇಕಾಗುತ್ತದೆ.

ತರಗತಿಯಲ್ಲಿ ಸಾನೆಟ್ಟಿನ (ಹದಿನಾಲ್ಕು ಸಾಲಿನ ಕವಿತೆ) ವ್ಯಾಖ್ಯೆಯಿಂದ ಶುರುಮಾಡಬೇಡಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳಿಗೆ ಇಂಗ್ಲಿಷಿನ ಒತ್ತು ಕಿವಿಯಿಂದಲೇ ಹತ್ತಬೇಕು. ಒಂದು ಸಾಲು ಗಟ್ಟಿಯಾಗಿ ಓದಿ, ಬೆರಳಲ್ಲಿ ಬೆಂಚು ತಟ್ಟಿಸಿ: ಮೆಲ್ಲಗೊಂದು, ಜೋರಾಗೊಂದು, ಹೀಗೆ ಐದು ಜೋಡಿ, ಹತ್ತು ಉಚ್ಚಾರಾಂಶ. ಹದಿನಾಲ್ಕು ಸಾಲು ಮುಗಿಯುವಷ್ಟರಲ್ಲಿ ಲಯ ತಪ್ಪಿದ ಜಾಗ ಅವರೇ ತೋರಿಸುತ್ತಾರೆ. ಅರ್ಥ ಹೇಳುವುದು ಆಮೇಲೆ. ಶರತ್ಕಾಲದ ಕವಿತೆ ಇದ್ದರೆ ಋತುವನ್ನು ಬಿಡಿಸಿ ಹೇಳಿ. ಇಂಗ್ಲೆಂಡಿನಲ್ಲಿ ಸುಗ್ಗಿ ಸೆಪ್ಟೆಂಬರಿನದು, ನಮ್ಮಲ್ಲಿ ಪುತ್ತರಿ ಹಬ್ಬಕ್ಕೆ ಕದಿರು ತೆಗೆಯುವುದು ನವೆಂಬರ್-ಡಿಸೆಂಬರಿನಲ್ಲಿ.

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌.ಡಿ. ಕಡ್ಡಾಯವಲ್ಲ, ಸಹ ಪ್ರಾಧ್ಯಾಪಕರಾಗಲು ಕಡ್ಡಾಯ. 1834ರಲ್ಲಿ ಕಂಪನಿ ಆಡಳಿತ ಬಂದ ಮೇಲೆ ಇಂಗ್ಲಿಷಿನಲ್ಲಿ ಕೊಡಗಿನ ಬಗ್ಗೆ ಬರೆದಿಟ್ಟ ಗ್ಯಾಝೆಟಿಯರ್, ಪ್ರವಾಸಕಥನಗಳಲ್ಲಿ ಸಂಶೋಧನೆಗೆ ಬೇಕಾದಷ್ಟು ವಿಷಯವಿದೆ. ಮಾರ್ಗದರ್ಶಕರನ್ನು ಕಾಣಲು ಹೋಗುವಾಗ ಎರಡು ಪುಟದ ಪ್ರಸ್ತಾವ ಕೈಯಲ್ಲಿರಲಿ.