ಓಕ್ ನೆಲಕ್ಕೆ ಒಂದು ಟೀ ಚಮಚ ಸೋಪು ಸಾಕು

ಶಿಕಾಗೋ ಕಡೆಯ ಹಳೇ ಮನೆಗಳಲ್ಲಿ ಓಕ್ ಮರದ ನೆಲ ಮಾಮೂಲು. ನಮ್ಮ ಮನೆಯಲ್ಲೂ ಅದೇ. ಊರಲ್ಲಿ ರೆಡ್ ಆಕ್ಸೈಡ್ ನೆಲಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದವರಿಗೆ ಇಲ್ಲಿ ಕೈ ಬಿಗಿ ಹಿಡಿಯುವುದೇ ಕಷ್ಟ. ಮರಕ್ಕೆ ಸೋಪಿಗಿಂತ ನೀರಿನ ಕಾಟ ಜಾಸ್ತಿ.

ಮೊದಲು ಮರವನ್ನು ನೀರಿನಿಂದ ಕಾಯುವ, ವಾರ್ನಿಷ್‌ನಂಥ ಮೇಲಿನ ಲೇಪ ಹೇಗಿದೆ ಅಂತ ನೋಡಿದೆ. ಮಂಚದ ಕೆಳಗೆ ಒಂದು ಹನಿ ನೀರು ಬಿಟ್ಟೆ. ಕೆಸುವಿನ ಎಲೆ ಮೇಲಿನ ಹನಿಯಂತೆ ದುಂಡಗೆ ನಿಂತಿತು. ಅಂದರೆ ಪಾಲಿಯುರೆಥೇನ್ ಲೇಪ ಇನ್ನೂ ಗಟ್ಟಿಯಾಗಿದೆ. ಅಡುಗೆಮನೆ ಬಾಗಿಲ ಹತ್ತಿರ ಮಾತ್ರ ಹನಿ ಇಂಗಿ ಮರ ಕಪ್ಪಾಯಿತು. ಎಲ್ಲರೂ ಓಡಾಡಿ ಸವೆದ ಜಾಗ ಅದು. ಮತ್ತೆ ಲೇಪ ಹಾಕಿಸುವ ತನಕ ಅಲ್ಲಿಗೆ ಒಣ ಬಟ್ಟೆ ಅಷ್ಟೇ.

ಒರೆಸುವ ಮುಂಚೆ ವ್ಯಾಕ್ಯೂಮ್ ಮಾಡಲೇಬೇಕು. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಬೂಟಿನ ಜೊತೆ ಒಳಗೆ ಬರುತ್ತದೆ. ಅದರ ಹರಳಿನ ಮೇಲೆ ಬಟ್ಟೆ ಎಳೆದರೆ ಗೀರು ಗ್ಯಾರಂಟಿ. ದೇವರ ಮುಂದೆ ಬಿದ್ದ ಕುಂಕುಮವೂ ಹಾಗೇ, ಒಣಗಿದ್ದಾಗಲೇ ಎಳೆದುಕೊಳ್ಳಬೇಕು. ಒದ್ದೆ ಬಟ್ಟೆ ತಾಗಿತೋ, ಪುಡಿ ಕೆಂಪು ರಾಡಿಯಾಗಿ ಹಲಗೆಗಳ ಸಂದಿಗೆ ಇಳಿಯುತ್ತದೆ. ಆಮೇಲೆ ಹಲ್ಲುಜ್ಜುವ ಬ್ರಷ್ಷಿಗೂ ಸಿಗುವುದಿಲ್ಲ.

ಇನ್ನು ಸೋಪು. ಆಲಿವ್ ಎಣ್ಣೆಯ ಕ್ಯಾಸ್ಟೈಲ್ ಸೋಪನ್ನು ಇಲ್ಲಿ ತುಂಬಾ ಜನ ಹೊಗಳುತ್ತಾರೆ. ಒಳ್ಳೆಯದೇ, ಆದರೆ ನಮ್ಮ ನಲ್ಲಿ ನೀರು ಗಡಸು. ಎಣ್ಣೆಯಿಂದ ಮಾಡಿದ ಸೋಪು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಮಂಕು ಪದರ ಕಟ್ಟುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ನೋಡಿ, ಕಾಲಿನ ಗುರುತೆಲ್ಲ ಎದ್ದು ಕಾಣುತ್ತದೆ. ಅದಕ್ಕೆ ನಾನು ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್ ಬಳಸುತ್ತೇನೆ. 4 ಲೀಟರ್ ಉಗುರುಬೆಚ್ಚಗಿನ ನೀರಿಗೆ 1 ಟೀ ಚಮಚ. ನೊರೆ ಬರಬಾರದು, ನೀರು ಬೆರಳಿಗೆ ಸ್ವಲ್ಪ ಜಾರಿದರೆ ಸಾಕು.

ವಿನೆಗರ್ ಸುರಿಯುವವರೂ ಇದ್ದಾರೆ. ಬೇಡ. ಆಮ್ಲ ದಿನ ಕಳೆದಂತೆ ಲೇಪದ ಹೊಳಪು ತಿನ್ನುತ್ತದೆ. ಕ್ಯಾಸ್ಟೈಲ್ ಸೋಪಿಗೇ ವಿನೆಗರ್ ಬೆರೆಸಿದರಂತೂ ಸೋಪು ಒಡೆದು ಜಿಡ್ಡು ತೇಲುತ್ತದೆ. ಅಂಟುವಾಳ ಆಗಲ್ವಾ ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಗಡಸು ನೀರಿನಲ್ಲೂ ಅದು ಹೀಗೆ ಪದರ ಕಟ್ಟುವುದಿಲ್ಲ, ನಿಜ. ಆದರೆ ಕುದಿಸಿದ ನೀರು ಕಂದು ಬಣ್ಣ. ತಿಳಿ ಓಕ್ ಮೇಲೆ ಹಾಕಲು ನನಗಂತೂ ಧೈರ್ಯವಿಲ್ಲ, ಬೆಳ್ಳಿ ದೀಪಕ್ಕೆ ಇಟ್ಟುಕೊಂಡಿದ್ದೇನೆ.

ಮೈಕ್ರೋಫೈಬರ್ ಬಟ್ಟೆಯನ್ನು ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಹಲಗೆಯ ಉದ್ದಕ್ಕೇ ಒರೆಸುತ್ತೇನೆ. ಒರೆಸಿದ ಜಾಗ ಒಂದೆರಡು ನಿಮಿಷದಲ್ಲಿ ಒಣಗದಿದ್ದರೆ ಬಟ್ಟೆ ಒದ್ದೆ ಹೆಚ್ಚಾಗಿದೆ ಅಂತ ಲೆಕ್ಕ. ಆಮೇಲೆ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕೊನೆಗೆ ಒಣ ಬಟ್ಟೆ. ಸ್ಟೀಮ್ ಮಾಪ್ ಮನೆಗೇ ತಂದಿಲ್ಲ. ಬಿಸಿ ಆವಿ ಸಂದಿಯೊಳಗೆ ನುಗ್ಗುತ್ತದೆ.

ಜನವರಿಯಲ್ಲಿ ಹೀಟರ್ ಗಾಳಿಗೆ ಮರ ಕುಗ್ಗಿ, ಹಲಗೆಗಳ ನಡುವೆ ಬಿರುಕು ಬಿಡುತ್ತದೆ. ಮನೆಯೊಳಗಿನ ತೇವಾಂಶ ಶೇ. 30ಕ್ಕಿಂತ ಇಳಿಯದಂತೆ ಹ್ಯುಮಿಡಿಫೈಯರ್ ಇಟ್ಟಿದ್ದೇನೆ. ಆದರೂ ಆ ತಿಂಗಳುಗಳಲ್ಲಿ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಂಡುತ್ತೇನೆ. ಲೇಪ ಇರುವುದು ಹಲಗೆಯ ಮೇಲ್ಮೈಗೆ ಮಾತ್ರ, ಪಕ್ಕೆಗಳು ಬರೀ ಮರ.