ಡ್ರ್ಯಾಗ್ ಕಾರಿನ ಡಿಕ್ಕಿಗೆ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್: ಸುರಕ್ಷಿತವಾಗಿ ಕೂರಿಸುವುದು ಹೇಗೆ?

ಮಂಗಳೂರು ಹತ್ತಿರದ ಬೈಕಂಪಾಡಿಯ ಒಂದು ಶೆಡ್‌ನಲ್ಲಿ ನಾವು ನಾಲ್ಕು ಜನ ಸೇರಿ ಹಳೆ ಕಾಂಟೆಸ್ಸಾ ಒಂದನ್ನು ಡ್ರ್ಯಾಗ್ ರೇಸ್‌ಗೆ ಸಿದ್ಧ ಮಾಡುತ್ತಿದ್ದೆವು. ಬಾನೆಟ್ ಒಳಗಿದ್ದ ಬ್ಯಾಟರಿ ಡಿಕ್ಕಿಗೆ ಬಂದಿತ್ತು. ಹೊಸ ಪೆಟ್ರೋಲ್ ಟ್ಯಾಂಕೂ ಕೂತಿತ್ತು. ಹಿಂದಿನ ಬಂಪರ್ ಮೇಲೆ ಕೆಂಪು ಕಟ್‌ಆಫ್ ಸ್ವಿಚ್, ಅಂದರೆ ಅಪಘಾತವಾದರೆ ಹೊರಗಿನಿಂದಲೇ ಕರೆಂಟ್ ಕಡಿದು ಇಂಜಿನ್ ನಿಲ್ಲಿಸಬೇಕಾದ ಸ್ವಿಚ್. ಇಂಜಿನ್ ಸ್ಟಾರ್ಟ್ ಮಾಡಿಸಿ, ನಾನೇ ಹಿಂದೆ ಹೋಗಿ ಸ್ವಿಚ್ ಆಫ್ ಮಾಡಿದೆ. ಇಂಜಿನ್ ನಿಲ್ಲಲಿಲ್ಲ. ಇನ್ನೊಮ್ಮೆ ಆನ್ ಮಾಡಿ ಆಫ್ ಮಾಡಿದೆ. ಆಗಲೂ ಇಲ್ಲ. ಡಿಕ್ಕಿಯಲ್ಲಿ ಪೆಟ್ರೋಲ್ ಪಂಪ್ ಗುಂಯ್ ಅನ್ನುತ್ತಲೇ ಇತ್ತು. ನಮ್ಮ ಜೊತೆಗಿದ್ದ ಹಿರಿಯ ಇಲೆಕ್ಟ್ರಿಷಿಯನ್ ತಲೆ ಮೇಲೆ ಕೈ ಇಟ್ಟು, "ಇದು ರೇಸಲ್ಲಿ ಪಲ್ಟಿ ಆಗಿದ್ರೆ ಏನು ಗತಿ ಮಾರಾಯ್ರೆ?" ಅಂದರು.

ಆ ಇಂಜಿನ್ ಯಾಕೆ ನಿಲ್ಲಲಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಮಾತು. ನಾವು ಕೂರಿಸಿದ ಹೊಸ ಟ್ಯಾಂಕಿಗೆ ಫ್ಯೂಯೆಲ್ ಸೆಲ್ ಅನ್ನುತ್ತಾರೆ. ಅದು ಹೈಡ್ರೋಜನ್‌ನಿಂದ ಕರೆಂಟ್ ತಯಾರಿಸುವ ಯಂತ್ರ ಅಲ್ಲ. ರೇಸ್ ಕಾರಿನ ವಿಶೇಷ ಪೆಟ್ರೋಲ್ ಟ್ಯಾಂಕಿಗೆ ಆ ಹೆಸರು. ಗಟ್ಟಿ ಪ್ಲಾಸ್ಟಿಕ್ ಅಥವಾ ರಬ್ಬರಿನ ಚೀಲ, ಅದರೊಳಗೆ ಸ್ಪಂಜಿನಂಥ ಫೋಮ್, ಹೊರಗೆ ಲೋಹದ ಪೆಟ್ಟಿಗೆ. ಪೆಟ್ಟು ಬಿದ್ದರೆ ಸುಲಭಕ್ಕೆ ಒಡೆಯುವುದಿಲ್ಲ, ಒಳಗಿನ ಪೆಟ್ರೋಲ್ ತುಳುಕುವುದೂ ಕಡಿಮೆ.

ನಿಮ್ಮ ಕಾರಿಗೆ ಇದು ಬೇಕಾ?

ಡ್ರ್ಯಾಗ್ ರೇಸ್ ಅಂದರೆ ನೇರ ದಾರಿಯಲ್ಲಿ, ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್ ಓಟ. ಹೊರಡುವ ಕ್ಷಣದಲ್ಲಿ ಇಂಜಿನ್ ತಿರುಗಿಸುವ ಚಕ್ರಗಳ ಮೇಲೆ ಭಾರ ಇರಬೇಕು. ಇಲ್ಲದಿದ್ದರೆ ಟಯರ್ ಸುಮ್ನೆ ಸುತ್ತುತ್ತದೆ. ಹಾಗಾಗಿ ಹಿಂದಿನ ಚಕ್ರ ಓಡುವ ಕಾರಿನಲ್ಲಿ ಬ್ಯಾಟರಿ, ಟ್ಯಾಂಕ್ ಹಿಂದೆ ಇದ್ದರೆ ಲಾಭ. ಆದರೆ ನಮ್ಮಲ್ಲಿ ಹುಡುಗರು ಜಾಸ್ತಿ ಕೈ ಹಾಕುವುದು ಸ್ವಿಫ್ಟ್, ಪೋಲೋದಂಥ ಕಾರುಗಳಿಗೆ. ಅವುಗಳಲ್ಲಿ ಓಡುವುದು ಮುಂದಿನ ಚಕ್ರ. ಅಂಥ ಕಾರಿನ ಬ್ಯಾಟರಿಯನ್ನು ಹಿಂದಕ್ಕೆ ಒಯ್ದರೆ ಹಿಡಿತ ಕಡಿಮೆಯಾಗುತ್ತದೆ, ಅಪಾಯ ಹೆಚ್ಚಾಗುತ್ತದೆ. ದಯವಿಟ್ಟು ಬೇಡ.

ಕಾಂಟೆಸ್ಸಾ, ಪ್ರೀಮಿಯರ್ ಪದ್ಮಿನಿಯಂಥ ಹಿಂದಿನ ಚಕ್ರದ ಕಾರಾದರೂ ಮೊದಲು ತೂಕ ಮಾಡಿಸಿ. ಲಾರಿ ತೂಗುವ ವೇ ಬ್ರಿಡ್ಜ್‌ನಲ್ಲಿ ಮೊದಲು ಇಡೀ ಕಾರು, ಆಮೇಲೆ ಹಿಂದಿನ ಚಕ್ರ ಮಾತ್ರ ನಿಲ್ಲಿಸಿದರೆ ಅಂದಾಜು ಸಿಗುತ್ತದೆ. ಅಮೆರಿಕದವರು ಬ್ಯಾಟರಿಯನ್ನು ಬಲ ಹಿಂಬದಿಯ ಮೂಲೆಯಲ್ಲಿ ಇಡಿ ಅನ್ನುತ್ತಾರೆ. ಹೊರಡುವಾಗ ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದದ ದಂಡ) ತಿರುಚುವ ರಭಸಕ್ಕೆ ಹಿಂದಿನ ಬಲ ಚಕ್ರ ಹಗುರವಾಗುತ್ತದೆ, ಅದಕ್ಕೆ. ಆದರೆ ಅವರ ಡ್ರೈವರ್ ಕೂರುವುದು ಎಡಕ್ಕೆ. ನಮ್ಮವರು ಬಲಕ್ಕೇ ಕೂರುವುದರಿಂದ ಅಲ್ಲಿ ಆಗಲೇ 70 ಕಿಲೋ ಇರುತ್ತದೆ, ಅಲ್ವಾ? ಆ ಸಲಹೆಯನ್ನು ಕಣ್ಣು ಮುಚ್ಚಿ ಪಾಲಿಸಬೇಡಿ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ಮಾಡಿದ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್ ಇದೆ. ಹೆದ್ದಾರಿ 66ರಲ್ಲಿ ರಾತ್ರಿ ಖಾಲಿ ಇದೆ ಅಂತ ಓಡಿಸುವ ಆಸೆ ಯಾರಿಗೂ ಬೇಡ. ಕಾರು ಟ್ರೇಲರ್ ಮೇಲೆ ಹೋಗಲಿ, ಪರವಾನಗಿ ಇರುವ ಟ್ರ್ಯಾಕ್‌ನಲ್ಲೇ ಓಡಲಿ. ನಮ್ಮ ದೇಶದಲ್ಲಿ ಮೋಟಾರ್ ಕ್ರೀಡೆಯ ನಿಯಮ ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ. ನೀವು ಭಾಗವಹಿಸುವ ರೇಸಿನ ನಿಯಮ ಪುಸ್ತಕ ಮೊದಲು ಓದಿ. ಕೆಳಗೆ ಹೇಳುವ ಅಳತೆಗಳಲ್ಲಿ ಬಹಳಷ್ಟು ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ನಿಯಮದವು. 1951ರಲ್ಲಿ ಹುಟ್ಟಿದ ಆ ಸಂಸ್ಥೆಯ ನಿಯಮಗಳನ್ನು ಡ್ರ್ಯಾಗ್ ರೇಸ್ ಮಾಡುವವರು ಎಲ್ಲ ಕಡೆ ತಿರುವಿ ನೋಡುತ್ತಾರೆ.

ಮೊದಲು ಬೆಂಕಿಯ ಕೆಲಸ, ಆಮೇಲೆ ಪೆಟ್ರೋಲ್

ಕೆಲಸದ ಅನುಕ್ರಮ ತಪ್ಪಬಾರದು. ವೆಲ್ಡಿಂಗ್, ಗ್ರೈಂಡಿಂಗ್, ತೂತು ಕೊರೆಯುವುದು ಎಲ್ಲ ಮುಗಿದ ಮೇಲೆಯೇ ಪೆಟ್ರೋಲ್ ಶೆಡ್ಡಿಗೆ ಬರಬೇಕು. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ತೆಗೆಯಿರಿ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಹಳೆ ಟ್ಯಾಂಕಿನ ಪೆಟ್ರೋಲನ್ನು ಬಯಲಲ್ಲಿ, ಮುಚ್ಚಳ ಇರುವ ಲೋಹದ ಕ್ಯಾನಿಗೆ ಇಳಿಸಿ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯೇ ಬೇಡ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯ.

ನಮ್ಮ ಮಳೆಗಾಲ ಇಲ್ಲಿ ಒಂದು ತೊಂದರೆ ತರುತ್ತದೆ. ಗಾಳಿ ಮಳೆ ಜೋರಾಗಿ ಇರಚಲು ಹೊಡೆದರೆ ಶಟರ್ ಎಳೆದು ಕೆಲಸ ಮಾಡುತ್ತೇವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ಶೆಡ್ಡಿನ ಸರ್ವಿಸ್ ಗುಂಡಿಯೊಳಗೆ ಇಳಿದು ಕೂರುತ್ತದೆ. ವಾಸನೆ ಹೋಯಿತು ಅಂದುಕೊಂಡು ಗುಂಡಿಗೆ ಬಲ್ಬ್ ಇಳಿಸಿದರೆ ಮುಗಿಯಿತು. ಹಾಗಾಗಿ ಗುಂಡಿ ಇರುವ ಜಾಗದಲ್ಲಿ ಪೆಟ್ರೋಲಿನ ಕೆಲಸ ಬೇಡ. ಮಳೆ ಬಿಡುವವರೆಗೆ ಕಾಯಿರಿ. ಡಿಸಿಪಿ (ಒಣ ರಾಸಾಯನಿಕ ಪುಡಿಯ) ಅಗ್ನಿಶಾಮಕ ಸಿಲಿಂಡರ್ ಗೋಡೆಯಲ್ಲಿ ಅಲ್ಲ, ಕಾರಿನ ಪಕ್ಕದಲ್ಲಿರಲಿ.

ಡ್ರೈವರ್ ಬೆನ್ನ ಹಿಂದೆ ಗೋಡೆ

ಬ್ಯಾಟರಿ ಡಿಕ್ಕಿಗೆ ಬಂದರೆ, ಟ್ಯಾಂಕ್ ಡಿಕ್ಕಿಗೆ ಬಂದರೆ, ಡಿಕ್ಕಿಗೂ ಡ್ರೈವರಿಗೂ ನಡುವೆ ಲೋಹದ ಗೋಡೆ ಇರಲೇಬೇಕು. ಸ್ಟೀಲಾದರೆ ಕನಿಷ್ಠ 0.6 ಮಿ.ಮೀ., ಅಲ್ಯೂಮಿನಿಯಂ ಆದರೆ 0.8 ಮಿ.ಮೀ. ದಪ್ಪ. ಹಿಂದಿನ ಸೀಟಿನ ಬೆನ್ನು ಮುಚ್ಚಿದರೆ ಸಾಲದು. ಹಿಂದಿನ ಗಾಜಿನ ಕೆಳಗೆ ಸ್ಪೀಕರ್ ಕೂರಿಸುವ ಭಾಗ ಇದೆಯಲ್ಲ, ಅದೂ ಮುಚ್ಚಬೇಕು. ಪ್ಲೈವುಡ್, ಫೈಬರ್ ನಡೆಯುವುದಿಲ್ಲ.

ಪರೀಕ್ಷೆ ಸುಲಭ. ರಾತ್ರಿ ಶೆಡ್ಡಿನ ಲೈಟ್ ಆರಿಸಿ. ಒಬ್ಬರು ಒಳಗೆ ಕೂರಲಿ, ಇನ್ನೊಬ್ಬರು ಡಿಕ್ಕಿಯಿಂದ ಟಾರ್ಚ್ ಬಿಡಲಿ. ನಮ್ಮ ಗೋಡೆಯಲ್ಲಿ ಹನ್ನೊಂದು ಕಡೆ ಬೆಳಕು ಕಂಡಿತು, ಒಂದಂತೂ ಸೀಟ್ ಬೆಲ್ಟಿನ ಬೋಲ್ಟಿನ ಹಿಂದೆ ಹೆಬ್ಬೆರಳು ತೂರುವಷ್ಟು ದೊಡ್ಡದು. ಬೆಳಕು ಬಂದ ಕಡೆ ಬೆಂಕಿಯೂ ಬರುತ್ತದೆ. ಒಂದೊಂದನ್ನೂ ತಗಡು, ರಿವೆಟ್, ಬೆಂಕಿ ತಡೆಯುವ ಸೀಲಂಟ್ ಹಾಕಿ ಮುಚ್ಚಿ.

ಟ್ಯಾಂಕ್ ಕೂರಿಸುವುದು

402 ಮೀಟರಿಗೆ 50 ಲೀಟರ್ ಪೆಟ್ರೋಲ್ ಬೇಡ. 20 ಲೀಟರಿನ ಸೆಲ್ ಧಾರಾಳ. ಕೊಳ್ಳುವಾಗ ಎಸ್‌ಎಫ್‌ಐ 28.1 ಅಥವಾ ಎಫ್‌ಐಎ ಎಫ್‌ಟಿ3 ಅನ್ನುವ ರೇಸ್ ಸುರಕ್ಷತೆಯ ಗುರುತು, ತಯಾರಾದ ದಿನಾಂಕ ನೋಡಿ. ಎಫ್‌ಐಎ ಗುರುತಿನ ಚೀಲಗಳಿಗೆ ಆಯಸ್ಸು ಇರುತ್ತದೆ, ಅಗ್ಗಕ್ಕೆ ಸಿಕ್ಕಿತೆಂದು ಅವಧಿ ಮುಗಿದದ್ದು ತರಬೇಡಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಒಳಗಿನ ಫೋಮ್, ಪೈಪ್, ಓ-ರಿಂಗ್ ಎಲ್ಲ ಎಥನಾಲ್ ತಡೆಯುವಂಥವೇ ಆಗಿರಬೇಕು. ಫಿಲ್ಟರ್ ಬಿಚ್ಚಿದಾಗ ಹಳದಿ ಅಥವಾ ಕಪ್ಪು ಪುಡಿ ಸಿಕ್ಕಿತಾ? ಫೋಮ್ ಕರಗುತ್ತಿದೆ ಅಂತ ಲೆಕ್ಕ. ಎಥನಾಲ್ ನೀರನ್ನೂ ಎಳೆಯುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ರೇಸ್ ಮುಗಿದ ಮೇಲೆ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬೇಡಿ.

ಸೆಲ್ಲನ್ನು ಎರಡು ಚಾಸಿ ರೈಲುಗಳ (ಕಾರಿನ ಅಡಿಯ ಉದ್ದದ ಗಟ್ಟಿ ತೊಲೆಗಳ) ನಡುವೆ, ಆದಷ್ಟು ಕೆಳಗೆ, ಬಂಪರಿನಿಂದ ಒಳಕ್ಕೆ ಕೂರಿಸಿ. ಚೌಕ ಪೈಪಿನ ಫ್ರೇಮ್ ಮಾಡಿ ಅದನ್ನು ಚಾಸಿಗೆ ಸೇರಿಸಿ, ಮೇಲಿಂದ ಲೋಹದ ಪಟ್ಟಿ ಬಿಗಿಯಿರಿ. ಡಿಕ್ಕಿಯ ತೆಳು ತಗಡಿಗೆ ಸ್ಕ್ರೂ ಹೊಡೆದದ್ದು ಗುದ್ದಿದಾಗ ಕಿತ್ತು ಬರುತ್ತದೆ. ಕೆಳಗೆ ಬಾಡಿಯಿಂದ ಹೊರಗೆ ಇಣುಕುವ ಭಾಗಕ್ಕೆ ಲೋಹದ ಪೆಟ್ಟಿಗೆಯ ರಕ್ಷಣೆ ಬೇಕೇ ಬೇಕು. ಪೆಟ್ರೋಲ್ ಎಳೆಯುವ ಬಾಯಿ ಹಿಂಬದಿಯಲ್ಲಿರಲಿ. ಕಾರು ಮುಂದಕ್ಕೆ ಜಿಗಿದಾಗ ಪೆಟ್ರೋಲೆಲ್ಲ ಹಿಂದಕ್ಕೆ ನುಗ್ಗುತ್ತದೆ.

ಆವಿ ಹೋಗುವ ವೆಂಟ್ ಪೈಪ್ ಬಾಡಿಯ ಹೊರಗೆ, ಸೈಲೆನ್ಸರಿನಿಂದ ದೂರ ತೆರೆದುಕೊಳ್ಳಬೇಕು. ಅದರಲ್ಲಿ ಪಲ್ಟಿಯಾದರೆ ಮುಚ್ಚಿಕೊಳ್ಳುವ ವಾಲ್ವ್ ಇರಬೇಕು. ಹೊಸ ವಾಲ್ವ್ ಹಾಕುವ ಮೊದಲೇ ಕೈಯಲ್ಲಿ ನೆಟ್ಟಗೆ ಹಿಡಿದು ಟ್ಯಾಂಕಿನ ಕಡೆಯಿಂದ ಊದಿ, ಗಾಳಿ ದಾಟುತ್ತದೆ. ತಲೆಕೆಳಗು ಮಾಡಿ ಊದಿ. ಒಳಗಿನ ಗುಂಡು ಟಕ್ ಅಂತ ಬಿದ್ದು ಗಾಳಿ ನಿಲ್ಲಬೇಕು. ಮುಚ್ಚಳದ ಲೋಹದ ಬಳೆಯಿಂದ ಬಾಡಿಗೆ ಒಂದು ಅರ್ಥ್ ವೈರ್ ಕೊಡಿ. ತುಂಬುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯೂ ಆವಿಗೆ ಸಾಕು.

ಪೆಟ್ರೋಲ್ ಪೈಪ್ ಕಾರಿನ ಒಳಗಿಂದ ಹೋಗಬಾರದು. ನೆಲದ ಕೆಳಗೆ, ಪ್ರೊಪೆಲ್ಲರ್ ಶಾಫ್ಟಿನಿಂದ ದೂರ ಹೋಗಲಿ. ಫ್ಲೈವೀಲ್ (ಇಂಜಿನ್ನಿಗೂ ಕ್ಲಚ್ಚಿಗೂ ನಡುವಿನ ಭಾರದ ಚಕ್ರ) ಹತ್ತಿರ ರಬ್ಬರ್ ಅಥವಾ ಜಾಲರಿಯ ಪೈಪ್ ಹೋಗುವುದಾದರೆ 16 ಇಂಚು ಉದ್ದದ, ಸುಮಾರು 3 ಮಿ.ಮೀ. ದಪ್ಪದ ಸ್ಟೀಲ್ ಕೊಳವೆಯೊಳಗೆ ಹೋಗಬೇಕು. ಕ್ಲಚ್ ಸಿಡಿದು ತುಂಡು ಹಾರಿದರೆ ಪೈಪ್ ಕತ್ತರಿಸದಿರಲಿ ಅಂತ. ಎಲ್ಲ ಆದಮೇಲೆ ಇಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಮಾತ್ರ ಓಡಿಸಿ, ಪ್ರತಿ ಜಾಯಿಂಟಿಗೂ ಟಿಶ್ಯೂ ಸುತ್ತಿ ಹತ್ತು ನಿಮಿಷ ಕಾಯಿರಿ. ಕಣ್ಣಿಗೆ ಕಾಣದ ಸೋರಿಕೆ ಟಿಶ್ಯೂವಿನಲ್ಲಿ ಕಾಣುತ್ತದೆ.

ಬ್ಯಾಟರಿ ಮತ್ತು ಕೇಬಲ್

ಬ್ಯಾಟರಿಯನ್ನು ಟ್ಯಾಂಕಿನಿಂದ ಆದಷ್ಟು ದೂರ ಇಡಿ. ಚಾರ್ಜ್ ಆಗುವಾಗ ಸಾಮಾನ್ಯ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ 4 ಶೇಕಡಾ ಸೇರಿದರೂ ಅದು ಹೊತ್ತಿಕೊಳ್ಳುತ್ತದೆ. ಆಮ್ಲ ಚೆಲ್ಲದಂತೆ ಗಾಜಿನ ನಾರಿನಲ್ಲಿ ಹೀರಿಸಿಟ್ಟ ಎಜಿಎಂ ಬ್ಯಾಟರಿ ಒಳ್ಳೆಯದು, ಆದರೂ ಹೊರಗೆ ವೆಂಟ್ ಇರುವ ಪೆಟ್ಟಿಗೆಯೊಳಗೇ ಇಡಿ. ಬ್ಯಾಟರಿಯನ್ನು ಡ್ರೈವರ್ ಕೂರುವ ಭಾಗದಲ್ಲಿ ಇಡುವುದಕ್ಕೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ಅವಕಾಶವೇ ಇಲ್ಲ.

ಬಿಗಿಯಲು ಕನಿಷ್ಠ ಎರಡು 10 ಮಿ.ಮೀ. ಬೋಲ್ಟು, ಮೇಲೆ ಲೋಹದ ಪಟ್ಟಿ. ಸೈಕಲ್ ಟ್ಯೂಬ್, ಬೆಲ್ಟು, ಟೇಪು ಯಾವುದೂ ಬೇಡ. 15 ಕಿಲೋ ಬ್ಯಾಟರಿ ಗುದ್ದಿದ ಕ್ಷಣದಲ್ಲಿ 20 ಪಟ್ಟು ರಭಸ ಪಡೆದರೆ 300 ಕಿಲೋ ಎಳೆದ ಹಾಗೆ. ಬೋಲ್ಟಿನ ಕೆಳಗೆ ಸಣ್ಣ ವಾಷರ್ ಸಾಲದು, ಅಂಗೈ ಅಗಲದ ಸ್ಟೀಲ್ ಪ್ಲೇಟ್ ಕೊಡಿ. ಪಾಸಿಟಿವ್ ಟರ್ಮಿನಲ್ಲಿಗೆ ರಬ್ಬರ್ ಟೋಪಿ ಹಾಕಿ.

ಕೇಬಲ್ ಉಳಿತಾಯದಲ್ಲಿ ಎಲ್ಲರೂ ಎಡವುತ್ತಾರೆ. 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ 5 ಮೀಟರ್ ಎಳೆದು, ಸ್ಟಾರ್ಟರ್ 200 ಆಂಪಿಯರ್ ಎಳೆದರೆ ಸುಮಾರು 1.1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 50 ಸ್ಕ್ವೇರ್ ಆದರೆ ಹೋಗುವುದು 0.35 ವೋಲ್ಟ್ ಮಾತ್ರ. 50ರದ್ದೇ ಹಾಕಿ. ದೋಣಿಗಳಿಗೆ ಬಳಸುವ, ತವರ ಲೇಪಿಸಿದ ತಾಮ್ರದ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಮಲ್ಪೆ ದಕ್ಕೆಯ (ಮೀನುಗಾರಿಕೆ ಬಂದರಿನ) ಸುತ್ತ ವಿಚಾರಿಸಿ ನೋಡಿ. ಉಪ್ಪು ಗಾಳಿಗೆ ಅದು ಬೇಗ ಹಸಿರು ಹಿಡಿಯುವುದಿಲ್ಲ. ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಬುಷ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಅರ್ಥ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಿ, ಬಿಗಿದ ಮೇಲೆ ಗ್ರೀಸ್ ಹಚ್ಚಿ.

ಕೆಂಪು ಸ್ವಿಚ್

ಈಗ ನಮ್ಮ ನಿಲ್ಲದ ಇಂಜಿನ್ ವಿಷಯಕ್ಕೆ ಬರುತ್ತೇನೆ. ಬ್ಯಾಟರಿ ಜಾಗ ಬದಲಿಸಿದ ಕಾರಿಗೆ ಹಿಂಬದಿಯಲ್ಲಿ, ಹೊರಗಿನಿಂದ ಕೈಗೆ ಸಿಗುವಂತೆ ಮಾಸ್ಟರ್ ಕಟ್‌ಆಫ್ ಕಡ್ಡಾಯ. ಅದು ಪಾಸಿಟಿವ್ ಕಡೆಯಲ್ಲಿರಬೇಕು. ಆಫ್ ಯಾವ ಕಡೆ ಅಂತ ಬರೆದಿರಬೇಕು. ತಳ್ಳಿ ಎಳೆಯುವ ಮಾದರಿಯಾದರೆ, ತಳ್ಳಿದಾಗ ಆಫ್ ಆಗಬೇಕು. ಪ್ಲಾಸ್ಟಿಕ್ ಸ್ವಿಚ್, ಕೀಲಿಕೈ ಸ್ವಿಚ್ ಸಲ್ಲದು.

ನಾವು ಎರಡು ಟರ್ಮಿನಲ್ಲಿನ ಸ್ವಿಚ್ ಹಾಕಿದ್ದೆವು. ಅದು ಬ್ಯಾಟರಿಯನ್ನು ಬೇರ್ಪಡಿಸಿತು, ಅಷ್ಟೇ. ಇಂಜಿನ್ನಿನಿಂದ ತಿರುಗಿ ಕರೆಂಟ್ ತಯಾರಿಸುವ ಆಲ್ಟರ್ನೇಟರಿನ ವೈರ್ ಇಂಜಿನ್ ಕಡೆಯ ಸಂಪರ್ಕದಲ್ಲೇ ಇತ್ತು. ಇಂಜಿನ್ ತಿರುಗುತ್ತಿದ್ದಷ್ಟು ಹೊತ್ತು ಆಲ್ಟರ್ನೇಟರ್ ಕರೆಂಟ್ ಕೊಟ್ಟಿತು, ಆ ಕರೆಂಟಿನಲ್ಲಿ ಇಗ್ನಿಷನ್ ಮತ್ತು ಪಂಪ್ ಓಡಿದವು.

ಪರಿಹಾರ ಎರಡು. ಆಲ್ಟರ್ನೇಟರಿನ ದಪ್ಪ ವೈರನ್ನು ಹಿಂದಕ್ಕೆ ತಂದು, ಸ್ವಿಚ್ಚಿನ ಬ್ಯಾಟರಿ ಬದಿಗೆ ಫ್ಯೂಸ್ ಮೂಲಕ ಸೇರಿಸಬಹುದು. ಆಗ ಇಂಜಿನ್ ನಿಲ್ಲುತ್ತದೆ. ಆದರೆ ಸ್ವಿಚ್ ಆಫ್ ಆದಮೇಲೂ ಆ ಉದ್ದದ ವೈರಿನಲ್ಲಿ ಕರೆಂಟ್ ಇರುತ್ತದೆ, ನನಗದು ಇಷ್ಟವಿಲ್ಲ. ನಾವು ನಾಲ್ಕು ಟರ್ಮಿನಲ್ಲಿನ ಸ್ವಿಚ್ ತಂದೆವು. ದೊಡ್ಡ ಎರಡರಲ್ಲಿ ಬ್ಯಾಟರಿ, ಸಣ್ಣ ಎರಡರಲ್ಲಿ ಇಗ್ನಿಷನ್ ಕಾಯಿಲ್ ಮತ್ತು ಪಂಪಿನ ವೈರ್. ಒಂದೇ ಏಟಿಗೆ ಎರಡೂ ಬೇರೆಯಾಗುತ್ತವೆ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಹೊಸ ಕಾರಾದರೆ ರೆಸಿಸ್ಟರ್ ಇರುವ ಸ್ವಿಚ್ ಬೇಕು. ಇಲ್ಲದಿದ್ದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು ಸುಡಬಹುದು.

ಹೊಸ ಸ್ವಿಚ್ ಹಾಕಿದ ದಿನ ಪಕ್ಕದ ಚಾದಂಗಡಿಯ ಹುಡುಗನನ್ನು ಕರೆದೆವು. ಅವನಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಇಂಜಿನ್ 2000 ಆರ್‌ಪಿಎಂನಲ್ಲಿ ಇಟ್ಟು, "ಇದನ್ನು ಹಿಂದಿನಿಂದ ನಿಲ್ಲಿಸು ನೋಡುವ" ಅಂದೆವು. ಬೇರೇನೂ ಹೇಳಲಿಲ್ಲ. ಮೊದಲ ಸಲ ಅವನು ಸ್ವಿಚ್ಚನ್ನು ಎಳೆಯಲು ನೋಡಿದ. ಬಿಳಿ ಪೇಂಟಿನಲ್ಲಿ "ತಳ್ಳಿ" ಅಂತ ದೊಡ್ಡದಾಗಿ ಬರೆದು ಬಾಣ ಹಾಕಿದೆವು. ಪೇಂಟ್ ಒಣಗಿದ ಮೇಲೆ ಅವನ ಅಣ್ಣನನ್ನು ಕರೆಸಿದೆವು. ಅವನು ಬಂದ, ಓದಿದ, ತಳ್ಳಿದ. ಇಂಜಿನ್ ನಿಂತಿತು, ಪಂಪಿನ ಸದ್ದೂ ನಿಂತಿತು.